ಕಡಿಮೆ ಲಾಫ್ಟ್‌ನ ಗಾಲ್ಫ್ ಡ್ರೈವರ್‌ನಲ್ಲೂ ದೂರ ಸಿಗುತ್ತಿಲ್ಲ: ಹೆಡ್ ಬದಲಿಸಬೇಕೆ?

ಪ್ರಶ್ನೆ:
ನಮಸ್ಕಾರ. ನನ್ನ ಡ್ರೈವರ್‌ನ (ಅತಿ ದೂರ ಹೊಡೆಯುವ ಗಾಲ್ಫ್ ಕ್ಲಬ್) ಲಾಫ್ಟ್, ಅಂದರೆ ಹೊಡೆಯುವ ಮುಖದ ಹಿಂಬಾಗು, 9 ಡಿಗ್ರಿ, ಉದ್ದ 46 ಇಂಚು. ಚೆಂಡು ಮೇಲಕ್ಕೇರಿ ದೂರ ಕಳೆದುಕೊಳ್ಳಬಾರದೆಂದು ಕಡಿಮೆ ಲಾಫ್ಟನ್ನೂ, ವೇಗ ಹೆಚ್ಚಲೆಂದು ಉದ್ದನೆಯ ಶಾಫ್ಟನ್ನೂ (ಕ್ಲಬ್‌ನ ಕೋಲು) ಆರಿಸಿಕೊಂಡಿದ್ದೆ. ಆದರೆ ಚೆಂಡು ತಗ್ಗಿನಲ್ಲೇ ಹೊರಟು ಬೇಗ ಬೀಳುತ್ತದೆ. ಕ್ಯಾರಿ (ಚೆಂಡು ನೆಲ ತಾಗುವವರೆಗೆ ಗಾಳಿಯಲ್ಲಿ ಸಾಗುವ ದೂರ) 180 ಗಜ ದಾಟುವುದು ಅಪರೂಪ. ಹೊಡೆತವನ್ನು ಅಳೆಯುವ ಲಾಂಚ್ ಮಾನಿಟರ್‌ನ ಸರಾಸರಿಯಂತೆ ಕ್ಲಬ್‌ಹೆಡ್ (ಚೆಂಡಿಗೆ ತಾಗುವ ತುದಿ) ವೇಗ ಗಂಟೆಗೆ 90 ಮೈಲಿ, ಚೆಂಡಿನ ವೇಗ 126 ಮೈಲಿ, ಚೆಂಡು ಹೊರಡುವ ಕೋನ 8 ಡಿಗ್ರಿ, ಬ್ಯಾಕ್‌ಸ್ಪಿನ್ (ಚೆಂಡಿನ ಹಿಮ್ಮುಖ ತಿರುಗುವಿಕೆ) ನಿಮಿಷಕ್ಕೆ 3,400 ಸುತ್ತು. ಕ್ಲಬ್ 3 ಡಿಗ್ರಿಯಷ್ಟು ಕೆಳಮುಖವಾಗಿ ಚೆಂಡಿಗೆ ತಾಗುತ್ತಿದೆ. ಸ್ಪಿನ್ ತಗ್ಗಿಸಲು 8 ಡಿಗ್ರಿಯ, ತೂಕ ಮುಂಭಾಗದಲ್ಲಿರುವ ಹೆಡ್ ಕೊಳ್ಳುವುದು ಸರಿಯೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1:
ದಯವಿಟ್ಟು ಈಗಲೇ ಕೊಳ್ಳಬೇಡಿ. ಚೆಂಡಿನ ವೇಗವನ್ನು ಕ್ಲಬ್‌ಹೆಡ್ ವೇಗದಿಂದ ಭಾಗಿಸಿದರೆ ನಿಮಗೆ ಸಿಗುವುದು 1.40. ಫೇಸ್‌ನ (ಹೆಡ್‌ನ ಹೊಡೆಯುವ ಮುಖ) ನಡುವೆ ಸರಿಯಾಗಿ ತಾಗಿದ ಹೊಡೆತದಲ್ಲಿ ಈ ಸ್ಮ್ಯಾಶ್ ಫ್ಯಾಕ್ಟರ್ 1.48ರ ಆಸುಪಾಸಿನಲ್ಲಿರುತ್ತದೆ, ಅಂದರೆ ಇದೇ ಸ್ವಿಂಗ್‌ನಲ್ಲಿ ಚೆಂಡಿಗೆ ಸುಮಾರು 133 ಮೈಲಿ ವೇಗ ಬರಬೇಕು. ಚೆಂಡಿನ ವೇಗದ ಒಂದೊಂದು ಮೈಲಿಗೆ ಸರಿಸುಮಾರು ಎರಡು ಗಜ ಎಂದು ಹಿಡಿದರೂ ಹದಿನಾಲ್ಕು ಗಜ ಇಲ್ಲೇ ಸೋರಿಹೋಗುತ್ತಿದೆ. ಹೊಸ ಹೆಡ್ ಇದನ್ನು ತುಂಬಿಕೊಡಲಾರದು, ಏಕೆಂದರೆ ಗಾಲ್ಫ್ ನಿಯಮ ರೂಪಿಸುವ ಸಂಸ್ಥೆಗಳಾದ ಯುಎಸ್‌ಜಿಎ ಮತ್ತು ಆರ್ ಅಂಡ್ ಎಗಳ ನಿಯಮಗಳು ಫೇಸ್‌ನ ಸ್ಪ್ರಿಂಗ್ ಗುಣಕ್ಕೂ, ಹೆಡ್‌ನ ಗಾತ್ರಕ್ಕೂ (460 ಘನ ಸೆಂಟಿಮೀಟರ್) ಮಿತಿ ಹಾಕಿವೆ, ಮತ್ತು ಇಂದಿನ ಒಳ್ಳೆಯ ಡ್ರೈವರ್‌ಗಳೆಲ್ಲ ಆ ಮಿತಿಯ ಹತ್ತಿರವೇ ಇವೆ.

ನನ್ನ ಅನುಮಾನವೆಂದರೆ, ಚೆಂಡು ಫೇಸ್‌ನ ಕೆಳಭಾಗಕ್ಕೆ ತಾಗುತ್ತಿದೆ. ಡ್ರೈವರ್‌ನ ಫೇಸ್ ಮೇಲಿನಿಂದ ಕೆಳಕ್ಕೆ ತುಸು ಉಬ್ಬಿರುವುದರಿಂದ ಕೆಳಭಾಗದಲ್ಲಿ ಲಾಫ್ಟ್ ಇನ್ನೂ ಕಡಿಮೆ. ಜೊತೆಗೆ ಗುರುತ್ವಕೇಂದ್ರದ ಕೆಳಗೆ ತಾಗಿದಾಗ ಹೆಡ್ ಮುಂದಕ್ಕೆ ಬಾಗಿ ತಿರುಗಿ, ಹಲ್ಲುಚಕ್ರಗಳಂತೆ ಚೆಂಡು ಎದುರು ದಿಕ್ಕಿಗೆ ತಿರುಗುವ ಗೇರ್ ಪರಿಣಾಮದಿಂದ ಬ್ಯಾಕ್‌ಸ್ಪಿನ್ ಹೆಚ್ಚುತ್ತದೆ. ತಗ್ಗಿನ ಕೋನವೂ ಹೆಚ್ಚಿನ ಸ್ಪಿನ್ನೂ ಒಟ್ಟಿಗೆ ಕಾಣಿಸಿಕೊಳ್ಳುವುದಕ್ಕೆ ಇದೇ ಸಾಮಾನ್ಯ ಕಾರಣ. ಲಾಫ್ಟ್ ಇಳಿಸಿದರೆ ಚೆಂಡು ಇನ್ನೂ ತಗ್ಗಿ ಹೊರಡುತ್ತದೆಯೇ ಹೊರತು ಕಾರಣ ನಿವಾರಣೆಯಾಗುವುದಿಲ್ಲ.

ಫೇಸ್‌ಗೆ ಪಾದಕ್ಕೆ ಹಚ್ಚುವ ಪೌಡರ್ ಸ್ಪ್ರೇ ತೆಳುವಾಗಿ ಬಳಿದು ಕೆಲವು ಹೊಡೆತ ಹೊಡೆಯಿರಿ. ಚೆಂಡಿನ ಗುರುತು ದುಂಡಗೆ ಮೂಡುತ್ತದೆ. (ಇದು ಅಭ್ಯಾಸದಲ್ಲಿ ಮಾತ್ರ, ಸ್ಪರ್ಧೆಯ ಸುತ್ತಿನಲ್ಲಿ ಬೇಡ.) ಅನಂತರ ಚೆಂಡಿನ ಅರ್ಧಭಾಗ ಹೆಡ್‌ನ ಮೇಲಂಚಿಗಿಂತ ಮೇಲೆ ಕಾಣುವಷ್ಟು ಟೀ (ಚೆಂಡನ್ನು ಇಡುವ ಮೊಳೆ) ಎತ್ತರಿಸಿ, ಚೆಂಡನ್ನು ಮುಂದಿನ ಪಾದದ ಹಿಮ್ಮಡಿಯ ನೇರಕ್ಕೆ ಇಟ್ಟು ನೋಡಿ. ಹೋಲಿಕೆಗೆ ಪುರುಷ ವೃತ್ತಿಪರರ ಅಂಕಿಗಳನ್ನು ಇಟ್ಟುಕೊಳ್ಳಬೇಡಿ. ಅವರ ಕ್ಲಬ್‌ಹೆಡ್ ವೇಗ 110 ಮೈಲಿಗೂ ಮೇಲೆ. ಲಾಂಚ್ ಮಾನಿಟರ್ ತಯಾರಿಸುವ ಟ್ರ್ಯಾಕ್‌ಮ್ಯಾನ್ ಪ್ರಕಟಿಸಿದ್ದ ಎಲ್‌ಪಿಜಿಎ (ಮಹಿಳಾ ವೃತ್ತಿಪರರ) ಸರಾಸರಿ ನಿಮಗೆ ಹೆಚ್ಚು ಹತ್ತಿರ: 94 ಮೈಲಿ ವೇಗ, 3 ಡಿಗ್ರಿ ಮೇಲ್ಮುಖ ಹೊಡೆತ, 13 ಡಿಗ್ರಿ ಕೋನ, 2,600 ಸುತ್ತು, 218 ಗಜ ಕ್ಯಾರಿ.

ಉತ್ತರ 2:
ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಶಾಫ್ಟ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 46 ಇಂಚು ಎಂದರೆ, 2022ರಿಂದ ವೃತ್ತಿಪರ ಸ್ಪರ್ಧೆಗಳಲ್ಲಿ ಜಾರಿಗೆ ತರಲು ಅವಕಾಶವಿರುವ ಸ್ಥಳೀಯ ನಿಯಮದ ಗರಿಷ್ಠ ಮಿತಿ. ವೃತ್ತಿಪರರಲ್ಲೇ ಬಹಳಷ್ಟು ಮಂದಿ ಅದಕ್ಕಿಂತ ಗಿಡ್ಡನೆಯ ಕ್ಲಬ್ ಬಳಸುತ್ತಾರೆ. ಶಾಫ್ಟ್ ಕತ್ತರಿಸಿ ಗಿಡ್ಡಗೊಳಿಸುವ ಮುನ್ನ ಗ್ರಿಪ್‌ನಲ್ಲಿ ಒಂದು ಇಂಚು ಕೆಳಗೆ ಹಿಡಿದು ಹೊಡೆದು ನೋಡಿ. ಗುರುತುಗಳು ಒಂದೆಡೆ ಗುಂಪಾದರೆ ಮಾತ್ರ ಕತ್ತರಿಸಿ. ಒಂದು ಇಂಚು ಕತ್ತರಿಸಿದರೆ ಸ್ವಿಂಗ್‌ವೇಟ್ (ಬೀಸುವಾಗ ಹೆಡ್ ಎಷ್ಟು ಭಾರವೆನಿಸುತ್ತದೆ ಎಂಬ ಅಳತೆ) ಸುಮಾರು ಆರು ಅಂಕ ಇಳಿಯುತ್ತದೆ; ಹಳೆಯ ಅನುಭವ ಬೇಕೆಂದರೆ ಹೆಡ್‌ಗೆ ಹನ್ನೆರಡು ಗ್ರಾಂನಷ್ಟು ತೂಕ ಸೇರಿಸಬೇಕಾದೀತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಗುರುತುಗಳೆಲ್ಲ ನಡುವಿನಿಂದ ಕೆಳಕ್ಕೆ, ಹೀಲ್ (ಶಾಫ್ಟ್‌ಗೆ ಹತ್ತಿರದ ಬದಿ) ಕಡೆಗೇ ಮೂಡಿದವು. ಟೀ ಎತ್ತರಿಸಿ, ಗ್ರಿಪ್ ಕೆಳಗೆ ಹಿಡಿದ ಮೇಲೆ ಚೆಂಡಿನ ವೇಗ 131ಕ್ಕೆ ಏರಿದೆ, ಕೋನ 11 ಡಿಗ್ರಿ, ಸ್ಪಿನ್ 2,800, ಕ್ಯಾರಿ 200ರ ಹತ್ತಿರ. ಕೋನ ಇನ್ನಷ್ಟು ಏರಲೆಂದು ಹೊಸೆಲ್‌ನ (ಶಾಫ್ಟ್ ಹೆಡ್‌ಗೆ ಸೇರುವ ಕುತ್ತಿಗೆ) ಸ್ಲೀವ್ ತಿರುಗಿಸಿ ಲಾಫ್ಟ್ ಹೆಚ್ಚಿಸಿದಾಗ ಮಾತ್ರ ಚೆಂಡು ಎಡಕ್ಕೆ ಎಳೆಯುತ್ತಿದೆ. ನಾನು ಬಲಗೈ ಆಟಗಾರ.

ಉತ್ತರ 1:
ಬಹಳ ಸಂತೋಷ. ಸ್ಲೀವ್‌ನಿಂದ ಲಾಫ್ಟ್ ಏರಿಸಿದಾಗ, ಕ್ಲಬ್ಬನ್ನು ನೆಲಕ್ಕಿಟ್ಟರೆ ಫೇಸ್ ಸಹ ಎಡಕ್ಕೆ ಮುಚ್ಚಿಕೊಳ್ಳುತ್ತದೆ. ನಿಮ್ಮ ಸ್ವಿಂಗ್‌ನಲ್ಲಿ ದೋಷ ಹುಡುಕಬೇಡಿ. ಸ್ಲೀವನ್ನು ಮೂಲ ಸ್ಥಾನಕ್ಕೆ ತನ್ನಿ. ಹೊಸ ಹೆಡ್‌ನ ಮಾತು ಈಗ ಬರಲಿ: ನಿಜವಾದ ಲಾಫ್ಟ್ 10.5 ಡಿಗ್ರಿಯಿರುವ, ತೂಕ ಹಿಂಭಾಗದಲ್ಲಿರುವ ಹೆಡ್ ನೋಡಿ. ತೂಕ ಹಿಂದಿದ್ದರೆ ತಿರುಚುವಿಕೆಗೆ ಪ್ರತಿರೋಧ ಹೆಚ್ಚಿ, ಹೀಲ್ ಕಡೆ ತಾಗಿದ ಹೊಡೆತದಲ್ಲೂ ವೇಗ ಅಷ್ಟಾಗಿ ಕುಸಿಯುವುದಿಲ್ಲ. ಕೊಳ್ಳುವ ಮುನ್ನ ನಿಮ್ಮ ಈಗಿನ ಡ್ರೈವರನ್ನೂ ಜೊತೆಗೊಯ್ದು, ಒಂದೇ ಬಗೆಯ ಚೆಂಡಿನಿಂದ ಎರಡರಲ್ಲೂ ಹೊಡೆದು, ಅತಿ ದೂರ ಹೋದ ಹೊಡೆತವನ್ನು ಬಿಟ್ಟು ಸರಾಸರಿ ಕ್ಯಾರಿಯನ್ನು ಹೋಲಿಸಿ. ಆ ಅಂಕಿಗಳನ್ನು ಇಲ್ಲಿ ಹಾಕಿದರೆ ಶಾಫ್ಟ್‌ನ ತೂಕದ ಬಗ್ಗೆಯೂ ಮಾತಾಡೋಣ.