ಪದಚರ್ಚೆ: ಯಾರ್ಕ್‌ಶೈರ್‌ನ ‘ವೈಲ್’ಗೆ ಕನ್ನಡದಲ್ಲಿ ಏನು? (ತುರ್ತು)

ಸು.:
ಎಲ್ಲರಿಗೂ ನಮಸ್ಕಾರ. ಇವತ್ತು ರಾತ್ರಿಯೊಳಗೆ ಬೇಕಾಗಿದೆ. ಉತ್ತರ ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಶೈರ್‌ನ ಉಣ್ಣೆ ಮಿಲ್ ಕೆಲಸಗಾರರ ಮಾತಿನ ಹಳೆಯ ಧ್ವನಿಮುದ್ರಣಕ್ಕೆ ಕನ್ನಡ ಸಬ್‌ಟೈಟಲ್. ಸಾಲಿಗೆ 32 ಅಕ್ಷರ ಮೀರುವಂತಿಲ್ಲ, ತೆರೆಯ ಮೇಲೆ ಇರುವುದು ಎರಡೇ ಸೆಕೆಂಡ್. ಸಿಕ್ಕಿಬಿದ್ದ ಸಾಲು: ‘ವಿ ಆರ್ ಲೇಕಿಂಗ್ ವೈಲ್ ಮಂಡೇ.’ ನಾನು ‘ವೈಲ್’ ಎಂದರೆ ‘ಇರುವಾಗ’ ಎಂದುಕೊಂಡು ‘ಸೋಮವಾರ ಇರುವಾಗ ಆಡುತ್ತಿರುತ್ತೇವೆ’ ಎಂದು ಬರೆದಿದ್ದೇನೆ. ಹೇಳುವವನ ದನಿಯಲ್ಲಿ ಮಾತ್ರ ಆಟದ ಖುಷಿ ಒಂಚೂರೂ ಇಲ್ಲ. ಇನ್ನೊಂದು ಸಾಲು, ‘ಡೋಂಟ್ ದೀ ಥಾ ಮೀ’. ಇದರ ತಲೆಬುಡ ತಿಳಿಯಲಿಲ್ಲ.

ಜಿ.ಕೆ., ಧಾರವಾಡ:
ಎರಡನೇದು ಭಾಳ ಸರಳ ಅದ ಮೇಡಂ. ದೀ, ಥಾ ಅಂದ್ರ ನೀನು. ‘ನನ್ನ ಏಕವಚನದಾಗ ಮಾತಾಡಸಬ್ಯಾಡ’ ಅಂತ ಹಾಕ್ರಿ. ಈಗಿನ ಇಂಗ್ಲಿಷಿನಾಗ ಇದನ್ನ ಹೇಳಲಿಕ್ಕೆ ಬರೂದಿಲ್ಲ, ಕನ್ನಡದಾಗ ಬರ್ತದ.

ಮೊದಲನೇ ಸಾಲಿನೊಳಗ ಎರಡು ಗುಂಡಿ ಅವ. ‘ಲೇಕ್’ ಅಂದ್ರ ಆಡೂದು, ಸ್ಕ್ಯಾಂಡಿನೇವಿಯಾದ ಹಳೇ ನಾರ್ಸ್ ಭಾಷೆಯ ‘ಲೇಕಾ’ದಿಂದ ಬಂದದ್ದು. ಮಕ್ಕಳ ಬಾಯಾಗ ಇವತ್ತಿಗೂ ಆಟನ. ಮಿಲ್ಲಿನವರ ಬಾಯಾಗ ಮಾತ್ರ ಕೆಲಸ ಇಲ್ಲದ ಕೂಡೂದು. ನೇಕಾರರಿಗೆ ಪಗಾರ ತುಂಡಿನ ಲೆಕ್ಕದಾಗ. ಹಾಸು ಬರಲಿಲ್ಲ, ಹೊಕ್ಕು ಬರಲಿಲ್ಲ ಅಂದ್ರ ಮಗ್ಗ ನಿಂತಿತು, ಮಗ್ಗ ನಿಂತರ ಕೂಲಿನೂ ನಿಂತಿತು. ಇದು ರಜಾ ಅಲ್ಲ, ಬಿಡುವೂ ಅಲ್ಲ. ನಮ್ಮ ಕಡೆ ‘ಖಾಲಿ ಕುಂತೇವಿ’ ಅಂತೀವಲ್ಲ, ಅದು.

ಇನ್ನ ‘ವೈಲ್’. ಅಲ್ಲಿ ಅದಕ್ಕ ‘ತನಕ’ ಅಂತ ಅರ್ಥ. ‘ನೈನ್ ವೈಲ್ ಫೈವ್’ ಅಂದ್ರ ಒಂಬತ್ತರಿಂದ ಐದರ ತನಕ. ಇದು ಅಲ್ಲಿಯವರ ತಪ್ಪಲ್ಲ. ಮ್ಯಾಕ್‌ಬೆತ್ ನಾಟಕದ 3ನೇ ಅಂಕದಾಗ ರಾಜನ ಬಾಯಾಗೂ ಇದೇ ಅರ್ಥದಾಗ ಬರ್ತದ. ‘ಸೋಮವಾರದ ಮಟಾ ಖಾಲಿ ಕುಂತೇವಿ’ ಅಂತ ಬರೀರಿ, ಮುಗೀತು.

ವೆಂ.:
ಮುಗಿದಿಲ್ಲ. ‘ಖಾಲಿ’ ಅರಬ್ಬಿಯದು. ‘ತನಕ’ ಹಿಂದಿಯ ‘ತಕ್’ನಿಂದ ಬಂದದ್ದು, ಅದನ್ನು ಬಳಸುವುದೇ ಬೇಡ. ‘ವರೆಗೆ’ ಇದೆ, ಅಚ್ಚ ದ್ರಾವಿಡ. ವರೆ ಎಂದರೆ ಗೆರೆ, ಎಲ್ಲೆ. ತಮಿಳಿನ ‘ವರೈ’ ನೋಡಿ. ಹಳೆಯ ಕಾಲದ ಮಾತು ಎಂದು ತೋರಿಸಬೇಕಿದ್ದರೆ ಹಳಗನ್ನಡದ ‘ಅನ್ನೆಗಂ’ (ಅಲ್ಲಿಯವರೆಗೆ) ಇದೆ.

ರಾ.ಭ.:
ಮಿಲ್ ಕೆಲಸಗಾರನ ಬಾಯಲ್ಲಿ ಅನ್ನೆಗಂ! ಪಂಪನ ಕಾಲದಲ್ಲಿ ಮಿಲ್ ಎಲ್ಲಿತ್ತು ಸ್ವಾಮಿ?

‘ತಕ್’ ಕಥೆ ನಮ್ಮ ಈ ಚರ್ಚೆಗಳಲ್ಲಿ ಹಿಂದೆ ಮೂರು ಸಲ ಬಂದಿದೆ, ಮೂರು ಸಲವೂ ಬಿದ್ದಿದೆ. ತೆಲುಗಿನಲ್ಲಿ ಇದೇ ಅರ್ಥಕ್ಕೆ ‘ದನುಕ’ ಇದೆ. ಹಿಂದಿಗೆ ಓಡುವ ಮೊದಲು ಪಕ್ಕದ ಮನೆ ನೋಡಿ.

ಸು. ಅವರೇ, ಒಂದು ಎಚ್ಚರಿಕೆ. ‘ವೈಲ್’ಗೆ ‘ತನಕ’ ಎಂದು ಕಣ್ಣುಮುಚ್ಚಿ ಹಾಕಬೇಡಿ. ಯಾರ್ಕ್‌ಶೈರ್‌ನಲ್ಲಿ ರೈಲ್ವೆ ಗೇಟಿನದೊಂದು ಕಥೆ ಹೇಳುತ್ತಾರೆ (ಕಥೆಯೆಂದೇ ಇಟ್ಟುಕೊಳ್ಳಿ). ಫಲಕದಲ್ಲಿ ‘ದೀಪ ಮಿನುಗುತ್ತಿರುವಾಗ ಕಾಯಿರಿ’ ಎನ್ನಲು ‘ವೈಲ್’ ಬಳಸಿದ್ದರಂತೆ. ಸ್ಥಳೀಯರು ‘ದೀಪ ಮಿನುಗುವ ತನಕ ಕಾಯಿರಿ’ ಎಂದು ಓದಿಕೊಂಡು, ಮಿನುಗಲು ಶುರುವಾದ ಮೇಲೆ ಹಳಿ ದಾಟಿದರಂತೆ. ನಗುವ ಮೊದಲು ನಮ್ಮ ‘ತನಕ’ವನ್ನು ನೋಡಿಕೊಳ್ಳಿ. ‘ಉಸಿರಿರುವ ತನಕ’ ಎಂದರೆ ಉಸಿರು ಇರುವಷ್ಟು ಕಾಲ. ‘ಅವನು ಬರುವ ತನಕ’ ಎಂದರೆ ಬಂದ ಕ್ಷಣಕ್ಕೆ ಮುಗಿಯಿತು. ಇರು, ಬದುಕು, ಉರಿಯಂಥ ಸ್ಥಿತಿಯ ಕ್ರಿಯಾಪದ ಬಂದರೆ ಮೊದಲ ಅರ್ಥ. ಬರು, ಮುಗಿ, ಮುಳುಗಿನಂಥ ಘಟನೆಯ ಕ್ರಿಯಾಪದ ಬಂದರೆ ಎರಡನೆಯದು. ‘ಅಷ್ಟು ಹೊತ್ತೂ’ ಎಂದು ಬದಲಿಸಿ ನೋಡಿ, ಕೂತರೆ ಮೊದಲನೆಯದು. ಆದರೆ ‘ದೀಪ ಉರಿಯುವ ತನಕ ಕಾಯಿರಿ’ ಎಂಬಲ್ಲಿ, ಉರಿ ಎಂದರೆ ಹೊತ್ತಿಕೊಳ್ಳುವುದೂ ಆಗುವುದರಿಂದ, ಎರಡೂ ಅರ್ಥ ಬರುತ್ತದೆ, ಥೇಟ್ ಯಾರ್ಕ್‌ಶೈರ್‌ನ ಹಾಗೆಯೇ. ‘ವರೆಗೆ’ ಹಾಕಿದರೂ ಅದೇ ಪಾಡು, ಆದ್ದರಿಂದ ವೆಂ. ಅವರ ಎಲ್ಲೆಗೆರೆ ಇಲ್ಲಿ ಯಾರನ್ನೂ ಉಳಿಸುವುದಿಲ್ಲ. ಫಲಕ ಬರೆಯುವವರು ‘ದೀಪ ಆರಿದ ಮೇಲೆ ದಾಟಿ’ ಎಂದು ಬರೆಯಲಿ.

ನಿಮ್ಮ ಸಾಲಿನಲ್ಲಿರುವ ತೊಡಕು ಬೇರೆ. ‘ಸೋಮವಾರದ ತನಕ’ ಎಂದರೆ ಸೋಮವಾರ ಕೆಲಸ ಇದೆಯೋ ಇಲ್ಲವೋ? ‘ವರೆಗೂ’ ಎಂದು ಬರೆದರೆ ಸೋಮವಾರವೂ ಖಾಲಿ ಎಂದೇ ಬಹಳ ಜನ ಓದುತ್ತಾರೆ. ಆ ಮನುಷ್ಯ ಹೇಳುತ್ತಿರುವುದು ಸೋಮವಾರ ಮಗ್ಗ ಶುರು ಎಂದು. ಆದ್ದರಿಂದ ‘ತನಕ’ವನ್ನೇ ಬಿಡಿ: ‘ಮಗ್ಗ ನಿಂತಿದೆ. ಇನ್ನು ಸೋಮವಾರವೇ ಕೆಲಸ.’ 32ರೊಳಗೆ ಆರಾಮಾಗಿ ಕೂರುತ್ತದೆ.

ಮಂ., ಮಂಡ್ಯ:
ರಾ.ಭ. ಸರ್ ಹೇಳಿದ್ದು ಸರಿ. ಆದರೆ ಜಿ.ಕೆ. ಅವರಿಗೊಂದು ಪ್ರಶ್ನೆ. ಉತ್ತರ ಇಂಗ್ಲೆಂಡ್ ಅಂದ ತಕ್ಷಣ ಉತ್ತರ ಕರ್ನಾಟಕದ ಮಾತೇ ಯಾಕೆ? ನಮ್ಮಲ್ಲಿ ‘ಸೋಮಾರಗಂಟ’ ಅಂತೀವಿ, ಅದೂ ಕನ್ನಡವೇ. ಸಬ್‌ಟೈಟಲ್‌ನಲ್ಲಿ ‘ಮಟಾ’ ಹಾಕಿದರೆ ಮೈಸೂರಿನವರು ಧಾರವಾಡದ ಮಗ್ಗ ಅಂದುಕೊಳ್ತಾರೆ, ‘ಗಂಟ’ ಹಾಕಿದರೆ ಬೀದರಿನವರಿಗೆ ನಗು. ಊರ ಮಾತಿಗೆ ಊರ ಮಾತನ್ನೇ ಕೊಡಬೇಕು ಅನ್ನೋ ಹಟದಲ್ಲಿ ಆ ಮನುಷ್ಯ ಯಾರ್ಕ್‌ಶೈರ್‌ನ ಬ್ರ್ಯಾಡ್‌ಫರ್ಡ್ ಬಿಟ್ಟು ಹುಬ್ಬಳ್ಳಿಗೆ ಬಂದುಬಿಡ್ತಾನೆ. ಆಡುಮಾತಿನ ಲಯ ಇರಲಿ, ಜಿಲ್ಲೆ ಬೇಡ.

ಜಿ.ಕೆ., ಧಾರವಾಡ:
ಜಿಲ್ಲಾ ಬ್ಯಾಡ ಅಂದ್ರ ಬೆಂಗಳೂರು ಅಂತ ಅರ್ಥೇನು? ಅದೂ ಒಂದು ಜಿಲ್ಲಾನ. ಇರ್ಲಿ. ಮೇಡಂ, ಇನ್ನೂ ಸಾಲು ಉಳಿದಿದ್ರ ಜೋಸೆಫ್ ರೈಟ್ ಅವರ ಆಡುಮಾತಿನ ನಿಘಂಟು ನೋಡ್ರಿ, 1898ರಿಂದ 1905, ಆರು ಸಂಪುಟ. ಆ ಮನುಷ್ಯ ಸಣ್ಣವರಿದ್ದಾಗ ಯಾರ್ಕ್‌ಶೈರ್‌ನ ಸಾಲ್ಟೇರ್ ಮಿಲ್ಲಿನಾಗ ದುಡಿದವರು, ಮುಂದ ಆಕ್ಸ್‌ಫರ್ಡ್‌ನಾಗ ಪ್ರೊಫೆಸರ್ ಆದರು. ‘ಲೇಕ್’ ಪದಾನ ಎಲ್-ಎ-ಐ-ಕೆ, ಎಲ್-ಎ-ಕೆ-ಇ ಎರಡೂ ಕಾಗುಣಿತದಾಗ ಹುಡುಕ್ರಿ, ಒಂದರಾಗ ಸಿಗಲಿಲ್ಲ ಅಂತ ಬಿಡಬ್ಯಾಡ್ರಿ. ಲೀಡ್ಸ್‌ನ ಆರ್ಟನ್ ಅವರ ಆಡುಮಾತಿನ ಸಮೀಕ್ಷೆನೂ ಅದ, 1950ರಿಂದ 1961, ಒಟ್ಟು 313 ಊರು. ಆದ್ರ ಅವರು ಕೇಳಿದ್ದು ಹೆಚ್ಚಾಗಿ ಹಳ್ಳಿಯ ಮುದುಕರನ್ನ. ಕೊಟ್ಟಿಗಿ, ನೇಗಿಲಿಗೆ ಅದು ಛಲೋ. ಮಗ್ಗಕ್ಕ ರೈಟ್ ಅವರೇ ಬೇಕು.

ಮತ್ತ ಯಾರ್ಕ್ ಪೇಟೆಯ ಹೆಸರು ಬಂದ್ರ ಹುಷಾರು. ಅಲ್ಲಿ ‘ಗೇಟ್’ ಅಂದ್ರ ಬೀದಿ, ನಾರ್ಸ್‌ನ ‘ಗಾಟಾ’. ಕೋಟೆ ಬಾಗಿಲಿಗೆ ‘ಬಾರ್’ ಅಂತಾರ. ಸ್ಟೋನ್‌ಗೇಟನ್ನ ‘ಕಲ್ಲುಬಾಗಿಲು’ ಮಾಡಬ್ಯಾಡ್ರಿ, ಮಿಕಲ್‌ಗೇಟ್ ಬಾರನ್ನ ಹೆಂಡದಂಗಡಿ ಮಾಡಬ್ಯಾಡ್ರಿ.

ವೆಂ.:
ನೋಡಿದಿರಾ? ಗೇಟ್ ನಾರ್ಸ್, ಲೇಕ್ ನಾರ್ಸ್. ನಾರ್ಸ್ ಮಾತಿನ ಡೇನರು 866ರಲ್ಲಿ ಯಾರ್ಕ್ ಹಿಡಿದರು, ಭಾಷೆ ಕೆಟ್ಟಿತು. ನಮಗೂ ಅದೇ ಗತಿ ಬೇಡ ಎಂಬುದಷ್ಟೇ ನನ್ನ ವಾದ.

ರಾ.ಭ.:
ಏನು ಕೆಟ್ಟಿತು? ‘ದೇ’, ‘ದೆಮ್’, ‘ಎಗ್’, ‘ಸ್ಕೈ’, ‘ವಿಂಡೋ’ ಎಲ್ಲವೂ ನಾರ್ಸ್‌ನಿಂದ ಬಂದವು. ಸರ್ವನಾಮವನ್ನೇ ಸಾಲ ತಂದ ಭಾಷೆ ಅದು. ನೀವು ಅಚ್ಚ ಎನ್ನಬೇಕಾದದ್ದು ‘ವೈಲ್’ ಅನ್ನೇ: ಹಳೆಯ ಇಂಗ್ಲಿಷಿನ ‘ಹ್ವೀಲ್’, ಒಂದಷ್ಟು ಹೊತ್ತು ಎಂದು ಅರ್ಥ. ಶಾಲೆಯಲ್ಲಿ ಮೇಷ್ಟರು ‘ವೈಲ್ ಅನ್ನಬೇಡ, ಟಿಲ್ ಅನ್ನು’ ಎಂದು ತಿದ್ದುತ್ತಾರಲ್ಲ, ಆ ‘ಟಿಲ್’ ಉತ್ತರದ ಮಾತಿನಿಂದಲೇ ದಕ್ಷಿಣಕ್ಕೆ ಇಳಿದದ್ದು, ನಾರ್ಸ್‌ನ ‘ತಿಲ್’ ಜತೆಗೆ ನಂಟಿರುವುದು. ಅಚ್ಚ ಪದ ಹಳ್ಳಿಗನ ತಪ್ಪಾಯಿತು, ಉತ್ತರದ ಪದ ಶಿಷ್ಟವಾಯಿತು. ನಿಮ್ಮ ಅಳತೆಗೋಲು ಇಲ್ಲಿ ತಲೆಕೆಳಗು.

ಸು.:
ಎಲ್ಲರಿಗೂ ಋಣಿ. ‘ಮಗ್ಗ ನಿಂತಿದೆ. ಇನ್ನು ಸೋಮವಾರವೇ ಕೆಲಸ.’ ಹೀಗೇ ಕಳಿಸಿದ್ದೇನೆ. ಏಕವಚನದ ಸಾಲು ‘ನನ್ನನ್ನು ಏಕವಚನದಲ್ಲಿ ಮಾತಾಡಿಸಬೇಡ’ ಎಂದಾಯಿತು, ಜಿ.ಕೆ. ಸರ್, ಕ್ಷಮಿಸಿ, ಮಂ. ಅವರ ಮಾತು ಕೇಳಿದೆ. ‘ನೈನ್ ವೈಲ್ ಫೈವ್’ ಇರುವಲ್ಲಿ ಮಾತ್ರ ‘ತನಕ’ ಉಳಿಸಿದೆ.

ವೆಂ.:
ಅಲ್ಲಿ ‘ವರೆಗೆ’ ಹಾಕಬಹುದಿತ್ತು.