ಇಂಪಾಸ್ಟೊ (ಬಣ್ಣ ದಪ್ಪಗೆ ಮೆತ್ತಿ ಬರೆಯುವ ಶೈಲಿ) ಮುಖಚಿತ್ರ: ಹಣೆಯ ದಪ್ಪ ಬಣ್ಣ ಸುಕ್ಕುಗಟ್ಟಿದೆ, ಕೆನ್ನೆ ಕೆಸರಾಗಿದೆ

ಪ್ರಶ್ನೆ
16×20 ಇಂಚಿನ ಕ್ಯಾನ್ವಾಸ್ ಮೇಲೆ ವಯಸ್ಸಾದವರೊಬ್ಬರ ಮುಖ, ತೈಲವರ್ಣದಲ್ಲಿ. ಹಣೆಗೂ ಮೂಗಿಗೂ ಟೈಟೇನಿಯಂ ವೈಟ್‌ಗೆ ಲಿನ್ಸೀಡ್ (ಅಗಸೆ) ಎಣ್ಣೆ ಬೆರೆಸಿ ಸುಮಾರು 4 ಮಿ.ಮೀ. ದಪ್ಪ ಹಚ್ಚಿದ್ದೆ. ಹತ್ತು ದಿನಕ್ಕೆ ಮೇಲೆಲ್ಲ ಸುಕ್ಕು, ಒತ್ತಿದರೆ ಒಳಗೆ ಇನ್ನೂ ಮೆತ್ತಗಿದೆ. ಕೆನ್ನೆಯಂತೂ ಬೂದುಬಣ್ಣದ ಕೆಸರು. ಸರಿಮಾಡಬಹುದಾ?

ಉತ್ತರ 1
ಸುಕ್ಕಿಗೆ ಕಾರಣ ಆ ಎಣ್ಣೆಯೇ. ತೈಲವರ್ಣ ಒದ್ದೆಬಟ್ಟೆ ಆರಿದ ಹಾಗೆ ಆರೋದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತೆ. ಮೇಲ್ಪದರ ಮೊದಲು ಹಾಲಿನ ಕೆನೆ ಥರ ಕಟ್ಟಿಕೊಂಡು ಹಿಗ್ಗುತ್ತೆ. ಕೆಳಗೆ ಹಸಿ ಇರೋದರಿಂದ ಹಿಡಿತ ಸಿಗದೆ ಮಡಿಚಿಕೊಳ್ಳುತ್ತೆ. ಎಣ್ಣೆ ಹೆಚ್ಚಾದಷ್ಟೂ ಸುಕ್ಕು ಹೆಚ್ಚು. ಆ ಭಾಗವನ್ನು ಪ್ಯಾಲೆಟ್ ನೈಫಿನಿಂದ ಕೆರೆದು ತೆಗೆಯಿರಿ. ಅದರ ಮೇಲೇ ಬಣ್ಣ ಮೆತ್ತಿ ಮುಚ್ಚಿದರೆ ಮುಂದೆ ಬಿರುಕು ಖಂಡಿತ.

ಇನ್ನು ಟ್ಯೂಬಿನ ಬಣ್ಣಕ್ಕೆ ಎಣ್ಣೆ ಬೇಡವೇ ಬೇಡ. ಬಣ್ಣವೇ ಜಿಡ್ಡಾಗಿದ್ದರೆ ರಟ್ಟಿನ ಮೇಲೆ ಒಂದು ಗಂಟೆ ಹರಡಿಡಿ, ಹೆಚ್ಚಿನ ಎಣ್ಣೆಯನ್ನು ರಟ್ಟು ಹೀರುತ್ತೆ. ರಾತ್ರಿಯಿಡೀ ಬಿಡಬೇಡಿ, ಅಂಟು ಹೋಗಿ ಬಣ್ಣ ಉದುರುತ್ತೆ. ಬೇಗ ಆರಬೇಕಾದರೆ ಆಲ್ಕಿಡ್ ಇಂಪಾಸ್ಟೊ ಜೆಲ್ (ಬೇಗ ಆರುವ ರಾಳದ ಜೆಲ್) ಬೆರೆಸಿ, ಬಣ್ಣದ ಕಾಲುಭಾಗ ಮೀರದಂತೆ. ಜಿಂಕ್ ವೈಟ್ ಮಾತ್ರ ದಪ್ಪ ಪದರಕ್ಕೆ ಬೇಡ, ಆರಿದ ಮೇಲೆ ಪೆಡಸಾಗಿ ಸೀಳುತ್ತೆ.

ಉತ್ತರ 2
ಕೆನ್ನೆಯ ವಿಷಯ: ಬಣ್ಣವನ್ನು ಕ್ಯಾನ್ವಾಸಿನ ಮೇಲೆ ಕಲಸಿದ್ದೀರಿ. ವೈಟ್, ಯೆಲ್ಲೋ ಆಕರ್, ಕ್ಯಾಡ್ಮಿಯಂ ರೆಡ್, ಬರ್ನ್ಟ್ ಅಂಬರ್, ಅಲ್ಟ್ರಾಮರೀನ್ ಇಷ್ಟರಲ್ಲೇ ಬೆಳಕಿನಿಂದ ನೆರಳಿನವರೆಗೆ ಐದು ಗುಡ್ಡೆ ಪ್ಯಾಲೆಟ್ಟಿನಲ್ಲಿ ಮೊದಲೇ ಕಲಸಿಡಿ. ಹಂದಿಗೂದಲಿನ ಚಪ್ಪಟೆ ಬ್ರಷ್, 8 ಅಥವಾ 10ನೇ ನಂಬರ್. ಬಣ್ಣ ತುಂಬಿಸಿ ಒಂದೇ ಎಳೆತ, ಒರೆಸಿ, ಮತ್ತೆ ತುಂಬಿಸಿ. ಇಟ್ಟ ಬಣ್ಣವನ್ನು ಸವರಲೇಬೇಡಿ. ತಪ್ಪಿದರೆ ಕೆರೆದು ಹೊಸದಾಗಿ ಇಡಿ. ಎಳೆತ ಮುಖದ ಇಳಿಜಾರು ಹಿಡಿಯಲಿ: ಹಣೆಗೆ ಅಡ್ಡ, ಮೂಗಿನ ದಿಂಡಿಗೆ ಉದ್ದ, ಕೆನ್ನೆಮೂಳೆಯಿಂದ ಬಾಯಿಯ ಕಡೆಗೆ ಓರೆ.

ದಪ್ಪ ಬಣ್ಣ ಬೆಳಕಿನ ಜಾಗಕ್ಕೆ ಮಾತ್ರ. ನೆರಳಲ್ಲೂ ದಿಣ್ಣೆ ಎದ್ದರೆ ಅವು ಕೋಣೆಯ ಬೆಳಕಿಗೆ ಮಿನುಗಿ ನೆರಳನ್ನೇ ಕೆಡಿಸುತ್ತವೆ. ಡಚ್ ಚಿತ್ರಕಾರ ರೆಂಬ್ರಾಂಟ್ 1659ರಲ್ಲಿ ಬರೆದ, ಈಗ ವಾಷಿಂಗ್ಟನ್ನಿನಲ್ಲಿರುವ ಸ್ವಚಿತ್ರವನ್ನು ದೊಡ್ಡದು ಮಾಡಿ ನೋಡಿ. ಹಣೆ, ಮೂಗಿನ ಮೇಲೆ ಬಣ್ಣ ಗಾರೆ ಹಚ್ಚಿದ ಹಾಗಿದೆ; ಉಡುಪು, ಹಿನ್ನೆಲೆ ಎಷ್ಟು ತೆಳು! ಅಷ್ಟು ಚೆಂದದ ಪಾಠ ಇನ್ನೆಲ್ಲೂ ಸಿಗೋದಿಲ್ಲ.

ಪ್ರಶ್ನೆ ಕೇಳಿದವರು
ಕೆರೆದೆ, ಸಲೀಸಾಗಿ ಬಂತು. ಧನ್ಯವಾದ. ಮಳೆಗಾಲ ಮುಗಿಯುವವರೆಗೆ ಬೀರುವಿನಲ್ಲಿಡಲಾ? ವಾರ್ನಿಶ್ ಯಾವಾಗ?

ಉತ್ತರ 1
ಬೀರು ಬೇಡ. ಕತ್ತಲಲ್ಲಿ ಲಿನ್ಸೀಡ್ ಹಳದಿ ತಿರುಗುತ್ತೆ, ತೇವಕ್ಕೆ ಬಟ್ಟೆ ಬೂಷ್ಟು ಹಿಡಿಯುತ್ತೆ. ಬಿಸಿಲು ನೇರ ಬೀಳದ, ಗಾಳಿಯಾಡುವ ಕೋಣೆಯಲ್ಲಿ ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿ. ಈ ದಪ್ಪಕ್ಕೆ ವಾರ್ನಿಶ್ ಒಂದು ವರ್ಷದ ಮೇಲೆಯೇ, ಅದೂ ಅತಿ ದಪ್ಪ ಇರೋ ಕಡೆ ಉಗುರು ಒತ್ತಿದರೆ ಗುರುತು ಬೀಳದಿದ್ದಾಗ.