ಸಹಾಯ ಬೇಕು: ಮಡಿಕೇರಿ ಪೇಟೆಯ ಇಳಿಜಾರಿನಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಪೇಟೆಯ ಓಣಿಯೊಂದರ ನಿವಾಸಿಗಳ ಪರವಾಗಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಹಳೆಯ ಹೆಂಚಿನ ಮನೆಗಳನ್ನು ಕೆಡವಿ, ಗುಡ್ಡವನ್ನು ನೆಟ್ಟಗೆ ಕಡಿದು, ಒಂದರ ಪಕ್ಕ ಒಂದರಂತೆ ವಸತಿ ಸಮುಚ್ಚಯಗಳನ್ನು ಕಟ್ಟಲಾಗುತ್ತಿದ್ದು, ಎದುರುಬದುರಾಗಿ ಎರಡು ಜೀಪುಗಳು ಬಂದರೆ ಒಂದು ಹಿಂದೆ ಸರಿಯಲೇಬೇಕಾದಷ್ಟು ಕಿರಿದಾದ ರಸ್ತೆಯೇ ಇವೆಲ್ಲಕ್ಕೂ ದಾರಿಯಾಗಿದೆ. ಕಡಿದ ಅಂಚಿಗೆ ಹೊದಿಸಿರುವ ನೀಲಿ ಟಾರ್ಪಾಲಿನ ಅಡಿಯಿಂದ ಕೆಮ್ಮಣ್ಣು ಚರಂಡಿಗೆ ಇಳಿಯುತ್ತಿದೆ. ಮೇಲಿನ ಮನೆಯ ಅಂಗಳದಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತವನ್ನು ಕಣ್ಣಾರೆ ಕಂಡ ನಮಗೆ ಇದು ಬರೀ ವಾಹನದಟ್ಟಣೆಯ ಪ್ರಶ್ನೆಯಲ್ಲ. ಊರಿಗೆ ಮನೆಗಳು ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ, ಬಾಡಿಗೆ ಮನೆ ಸಿಗದೆ ಪರದಾಡುವವರು ನಮ್ಮ ನಡುವೆಯೇ ಇದ್ದಾರೆ. ಆದರೆ ಇವು ವಾರಾಂತ್ಯಕ್ಕೆ ಬಂದುಹೋಗುವವರಿಗಾಗಿ ಎಂದು ಜಾಹೀರಾತುಗಳೇ ಹೇಳುತ್ತಿವೆ.

ಮಂಜೂರಾದ ನಕ್ಷೆ ಮತ್ತು ಭೂಪರಿವರ್ತನೆ ಆದೇಶದ ಪ್ರತಿಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದ್ದೆವು. 30 ದಿನಗಳ ಗಡುವು ಮುಗಿದರೂ ಉತ್ತರ ಬಾರದ ಕಾರಣ ಮೊದಲ ಮೇಲ್ಮನವಿ ಸಿದ್ಧಪಡಿಸುತ್ತಿದ್ದೇವೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯನ್ನು ಬಲ್ಲ ವಕೀಲರು, ಇಳಿಜಾರಿನ ಸ್ಥಿತಿಯನ್ನು ಸ್ಥಳದಲ್ಲೇ ಪರಿಶೀಲಿಸಿ ಲಿಖಿತ ವರದಿ ನೀಡಬಲ್ಲ ಭೂವಿಜ್ಞಾನಿಗಳು ಅಥವಾ ಸಿವಿಲ್ ಎಂಜಿನಿಯರುಗಳು ಗುಂಪಿನಲ್ಲಿದ್ದರೆ, ಮಳೆಗಾಲಕ್ಕೆ ಮುನ್ನವೇ ದಯವಿಟ್ಟು ನನಗೆ ಸಂದೇಶ ಕಳುಹಿಸಿ. ಪ್ರಯಾಣದ ವೆಚ್ಚವನ್ನು ಓಣಿಯವರು ಸೇರಿ ಭರಿಸುತ್ತೇವೆ.